ಚಿನಾರ್ ಮರಗಳ ಅಡಿಯಲ್ಲಿ ಒಂದು ವಾರ

ಋತುಗಳು ಆರೆಂದು ನಾವು ಮಠದ ಪಾಠಶಾಲೆಯಲ್ಲಿ ಬಾಲ್ಯದಲ್ಲಿಯೇ ಕಂಠಪಾಠ ಮಾಡಿದ್ದೆವು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ವಸಂತದಿಂದ ಶಿಶಿರದವರೆಗೆ ತಪ್ಪಿಲ್ಲದೆ ಹೇಳಬಲ್ಲವರಾಗಿದ್ದೆವು. ಆದರೆ ಬಯಲುಸೀಮೆಯ ಹುಡುಗರಾದ ನಮಗೆ ಕಣ್ಣಾರೆ ಗೊತ್ತಿದ್ದುದು ಬೇಸಿಗೆ, ಮಳೆಗಾಲ, ಚಳಿಗಾಲ ಎಂಬ ಮೂರೇ ಕಾಲಗಳು. ಗುರುಗಳು ಶರದೃತುವಿನ ವರ್ಣನೆಯನ್ನು ವಿವರಿಸುವಾಗ ತಿಳಿಯಾದ ಆಕಾಶ, ತುಂಬುಚಂದ್ರ, ಕಾಶಹುಲ್ಲಿನ ಬಿಳಿಯ ಹೂ ಬರುತ್ತಿದ್ದವೇ ಹೊರತು ಎಲೆ ಕೆಂಪಾಗುವ ಮಾತು ಬರುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಎಲೆ ಉದುರುವುದು ಶಿಶಿರದಲ್ಲಿ. ಬೇವು ಅರಳಿಗಳು ಬರಿದಾದಂತೆ ತೋರಿ, ಯುಗಾದಿಯ ಹೊತ್ತಿಗೆ ಮತ್ತೆ ಚಿಗುರಿ ನಿಂತಿರುತ್ತವೆ. ಮಠದ ಅಂಗಳದಲ್ಲಿದ್ದ ಬಾದಾಮಿ ಮರವೊಂದು ಮಾತ್ರ ಚಳಿಗಾಲದಲ್ಲಿ ಅಂಗೈಗಿಂತ ದೊಡ್ಡದಾದ ತನ್ನ ಎಲೆಗಳನ್ನು ಒಂದೊಂದಾಗಿ ರಕ್ತವರ್ಣಕ್ಕೆ ತಿರುಗಿಸಿ ಉದುರಿಸುತ್ತಿತ್ತು. ಅವುಗಳನ್ನು ಗುಡಿಸುವ ಸರದಿ ನಮ್ಮದಾಗಿದ್ದುದರಿಂದ ಅವುಗಳ ಚೆಲುವು ಆಗ ನಮ್ಮ ಗಮನಕ್ಕೆ ಬರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಅರವತ್ತು ದಾಟಿದ ಮೇಲೆ ಆ ಬಣ್ಣವನ್ನು ಮನದಣಿಯೆ ಕಾಣುವ ಯೋಗ ಒದಗಿಬಂದಿತು. 2023ರ ನವೆಂಬರ್ ಮೊದಲ ವಾರದಲ್ಲಿ ನಾವು, ನಮ್ಮ ಧರ್ಮಪತ್ನಿಯವರು ಹಾಗೂ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಕಿರಿಯ ಮಗಳು ದೆಹಲಿಯ ಮೂಲಕ ವಿಮಾನದಲ್ಲಿ ಶ್ರೀನಗರವನ್ನು ತಲುಪಿದೆವು. ಧರ್ಮಪತ್ನಿಯವರಿಗೆ ಕಾಶ್ಮೀರವೆಂದರೆ ಮೋಳಿಗೆಯ ಮಾರಯ್ಯನವರ ನಾಡು. ಅರಸೊತ್ತಿಗೆಯನ್ನು ತೊರೆದು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರುವ ಕಾಯಕ ಕೈಗೊಂಡ ಆ ದಂಪತಿಗಳು ಕಾಶ್ಮೀರದವರೆಂದು ನಮ್ಮ ಪುರಾಣಗಳು ಹೇಳುತ್ತವೆಯಷ್ಟೆ. ಮಗಳಿಗೆ ಬೇಕಾಗಿದ್ದುದು ಹಿಮ. ನಮಗೆ ಬೇಕಾಗಿದ್ದುದು ಚಿನಾರ್ ಮರದ ಎಲೆ. ಅದೂ ಬಣ್ಣದ ಛಾಯಾಚಿತ್ರದಲ್ಲಿ.

ಈ ಯಾತ್ರೆಯ ಮಾತು ತೆಗೆದಾಗಲೆಲ್ಲ ಬಂಧುಗಳು ಅಲ್ಲಿಯ ಪರಿಸ್ಥಿತಿಯನ್ನು ವಿಚಾರಿಸುತ್ತಾರೆ. ನಾವು ಹೋಗಿಬಂದ ಮೇಲೆ, 2025ರ ಏಪ್ರಿಲ್ ತಿಂಗಳಲ್ಲಿ, ಪಹಲ್ಗಾಮದ ಬೈಸರನ್ ಹುಲ್ಲುಗಾವಲಿನಲ್ಲಿ 26 ಜನ ಹತರಾದರು. ಅವರಲ್ಲಿ ಕನ್ನಡಿಗರೂ ಇದ್ದರು. ಅದೇ ವರ್ಷದ ಜೂನ್‌ನಲ್ಲಿ ಕಟ್ರಾದಿಂದ ಕಣಿವೆಗೆ ನೇರ ರೈಲೂ ಆರಂಭವಾಯಿತು. ಹೋಗಬಯಸುವವರು ಆಯಾ ಕಾಲದ ಸರಕಾರೀ ಸೂಚನೆಗಳನ್ನು ತಿಳಿದುಕೊಂಡು ಹೊರಡುವುದು ಯುಕ್ತ. ನಮ್ಮ ಎಂಟು ದಿನಗಳಲ್ಲಿ ನಮಗೆ ಯಾವ ತೊಂದರೆಯೂ ಆಗಲಿಲ್ಲವೆಂದಷ್ಟೇ ನಾವು ಹೇಳಬಲ್ಲೆವು.

ಛಾಯಾಗ್ರಹಣ ನಮಗೆ ಹೊಸತಲ್ಲ. ನಮ್ಮ ವಿದ್ಯಾರ್ಥಿ ದೆಸೆಯಲ್ಲಿ ಮಠದಲ್ಲೊಂದು ಆಗ್ಫಾ ಕ್ಲಿಕ್ ಕ್ಯಾಮೆರಾ ಇತ್ತು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಪೂಜ್ಯ ಗುರುಗಳು ತಾಡವೋಲೆ ಮತ್ತು ಶಾಸನಗಳ ಕೆಲಸಕ್ಕೆ ನಮ್ಮನ್ನು ಹಚ್ಚಿದಾಗ ಆ ಕ್ಯಾಮೆರಾವನ್ನೂ ನಮ್ಮ ಕೊರಳಿಗೆ ಹಾಕಿದರು. ಮುಂದೆ ಒಳ್ಳೆಯ ಯಂತ್ರಗಳು ಬಂದವು. ಆದರೆ ಓರ್ವೊ ಫಿಲ್ಮಿನ ಕಪ್ಪು ಬಿಳುಪನ್ನು ಬಿಟ್ಟು ನಾವು ಬಹುಕಾಲ ಆಚೆ ಹೋಗಲಿಲ್ಲ. ಕಲ್ಲಿನ ಅಕ್ಷರಕ್ಕೆ ಬಣ್ಣವೇಕೆ? ಶಾಸನದ ಚಿತ್ರ ತೆಗೆಯುವವನಿಗೆ ಬೇಕಾದುದು ಬೆಳಗಿನ ಅಥವಾ ಸಂಜೆಯ ಓರೆಬೆಳಕು. ಸೂರ್ಯ ಪಕ್ಕದಿಂದ ಕಲ್ಲಿನ ಮೈಯನ್ನು ಸವರುವಾಗ ಸವೆದ ಅಕ್ಷರದ ತಗ್ಗಿನಲ್ಲಿಯೂ ನೆರಳು ಕಟ್ಟುತ್ತದೆ. ಅದೇ ಕಲ್ಲು ನಡುಹಗಲಿನಲ್ಲಿ ಬರಿಯ ಬಂಡೆ. ಹೀಗೆ ನಲವತ್ತು ವರ್ಷ ನಾವು ನೆರಳನ್ನು ಓದಿದವರು, ಬಣ್ಣವನ್ನು ಓದಿದವರಲ್ಲ. ನಿವೃತ್ತಿಯ ನಂತರ ಮಗಳು ಒಂದು ಡಿಜಿಟಲ್ ಕ್ಯಾಮೆರಾ ತಂದುಕೊಟ್ಟು, "ಅಪ್ಪಾಜಿ, ಇನ್ನರೆ ಕಲ್ಲು ಬಿಟ್ಟು ಗಿಡಾ ಮರಾ ನೋಡ್ರಿ" ಎಂದಳು.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ನಮ್ಮ ಎರಡೂ ಕಣ್ಣುಗಳಿಗೆ ಪೊರೆ ಬಂದಿತ್ತು. ಆ ವರ್ಷದ ಜುಲೈನಲ್ಲಿ ಬಲಗಣ್ಣಿನ ಶಸ್ತ್ರಚಿಕಿತ್ಸೆಯಾಗಿತ್ತು. ಎಡಗಣ್ಣಿನದನ್ನು ನಾವು ಏನಾದರೊಂದು ನೆಪ ಹೇಳಿ ಮುಂದೂಡುತ್ತ ಬಂದಿದ್ದೆವು. ಮೊದಲ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಆಸ್ಪತ್ರೆಯ ಗೋಡೆ ಕಣ್ಣಿಗೆ ಚುಚ್ಚುವಷ್ಟು ಬೆಳ್ಳಗೆ, ತುಸು ನೀಲಿಯಾಗಿ ಕಂಡಿತು. ಕೃತಕ ಮಸೂರದ ದೋಷವಿದು, ಗಾಜು ತನ್ನ ನೀಲಿಯನ್ನು ಜಗತ್ತಿಗೆ ಬಳಿಯುತ್ತಿದೆ ಎಂದೇ ನಾವು ತಿಳಿದೆವು. ವೈದ್ಯರು ಹಾಗಲ್ಲವೆಂದರು, ನಾವು ವಾದಿಸಲಿಲ್ಲ, ಒಪ್ಪಲೂ ಇಲ್ಲ. ಕ್ಯಾಮೆರಾದ ಕಿಂಡಿಗೆ ಎಡಗಣ್ಣನ್ನು ಇಡುವುದು ನಮ್ಮ ಆಗ್ಫಾ ಕಾಲದಿಂದ ಬಂದ ರೂಢಿ. ಅದನ್ನೇ ಮುಂದುವರಿಸಿದೆವು.

ಶ್ರೀನಗರದಲ್ಲಿ ನಮ್ಮ ವಸತಿ ದಾಲ್ ಸರೋವರದ ಒಂದು ದೋಣಿಮನೆಯಲ್ಲಿ. ಯಜಮಾನರು ನಮಗಿಂತ ನಾಲ್ಕಾರು ವರ್ಷ ಹಿರಿಯರು. ನಾವು ಶಾಕಾಹಾರಿಗಳೆಂದು ತಿಳಿದ ಕೂಡಲೇ ಬೇರೆ ಪಾತ್ರೆಗಳನ್ನು ತೆಗೆದಿರಿಸಿ, ತಾವರೆಯ ದಂಟಿನ ಪಲ್ಯವನ್ನೂ ಹಾಖ್ ಎಂಬ ಸೊಪ್ಪಿನ ಸಾರನ್ನೂ ಅನ್ನದೊಡನೆ ಬಡಿಸುವ ಏರ್ಪಾಡು ಮಾಡಿದರು. ತಾವರೆಯ ದಂಟಿಗೆ ಅವರು ನದ್ರು ಎನ್ನುತ್ತಾರೆ. ಮುಂಜಾನೆ ಮಂಜುಗಡ್ಡೆಯಂತೆ ಕೊರೆಯುವ ನೀರಿನಲ್ಲಿ ನಾವು ಸ್ನಾನಕ್ಕೆ ಇಳಿಯುತ್ತೇವೆಂದಾಗ ಗಾಬರಿಯಾಗಿ ಒಂದು ಹಂಡೆ ಬಿಸಿನೀರನ್ನು ಕಳುಹಿಸಿದವರೂ ಅವರೇ. ಅವರ ಮಾತಿನಿಂದಲೇ ನಮಗೆ ಕಾಶ್ಮೀರಿ ಭಾಷೆಯ ಆರು ಋತುಗಳು ತಿಳಿದವು. ಸೋಂತ್ ಎಂದರೆ ವಸಂತ; ಗ್ರೀಷ್ಮ ಹೆಚ್ಚುಕಡಿಮೆ ಹಾಗೆಯೇ ಇದೆ; ಮಳೆಯ ಕಾಲ ವಹರಾತ್; ಎಲೆಯುದುರುವ ಕಾಲ ಹರುದ್; ಆಮೇಲೆ ವಂದ; ಕೊನೆಗೆ ಶಿಶುರ್, ಅಂದರೆ ನಮ್ಮ ಶಿಶಿರ. ನಾವು ಪುಸ್ತಕದಲ್ಲಿ ಕಲಿತು ಮರೆತ ಆರನ್ನು ಈ ಜನ ಬೀದಿಯಲ್ಲಿ ಬಳಸುತ್ತಾರೆ.

ಮೊದಲ ಬೆಳಗಿನಲ್ಲಿಯೇ ನಸೀಂ ಬಾಗ್‌ಗೆ ಹೋದೆವು. ಸರೋವರದ ಪಶ್ಚಿಮ ದಂಡೆಯಲ್ಲಿ, ಹಜರತ್‌ಬಲ್ ಮಸೀದಿಯ ಬಳಿ, ಈಗ ಕಾಶ್ಮೀರ ವಿಶ್ವವಿದ್ಯಾಲಯದ ಆವರಣದೊಳಗೆ ಇರುವ ತೋಪು ಇದು. ಅಕ್ಬರನ ಕಾಲದಲ್ಲಿ ಆರಂಭವಾಗಿ, ಷಹಜಹಾನನ ಕಾಲದಲ್ಲಿ ಸಾವಿರಕ್ಕೂ ಹೆಚ್ಚು ಚಿನಾರ್‌ಗಳಿಂದ ತುಂಬಿತೆಂದು ಹೇಳುತ್ತಾರೆ. ಈಗ ಕೆಲವು ನೂರು ಉಳಿದಿವೆ. ಮರಗಳು ಸಾಲಾಗಿ ನಿಂತಿವೆ. ಒಂದೊಂದರ ಬುಡವನ್ನು ತಬ್ಬಲು ನಾಲ್ಕೈದು ಜನ ಕೈ ಕೈ ಹಿಡಿಯಬೇಕು. ಕೆಲವಕ್ಕೆ ಹೊಟ್ಟೆಯೇ ಪೊಳ್ಳಾಗಿ, ಒಳಗೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗವಿದೆ. ಆದರೂ ಮೇಲೆ ಎಲೆಗಳಿಗೆ ಬರವಿಲ್ಲ. ಎಲೆ ನಮ್ಮ ಹರಳೆಲೆಯಂತೆ ಕೈಬೆರಳು ಚಾಚಿದ ಆಕಾರದ್ದು. ನೆಲ ಎಲ್ಲಿಯೂ ಕಾಣಿಸುತ್ತಿರಲಿಲ್ಲ. ವಿದ್ಯಾರ್ಥಿಗಳು ಮೊಳಕಾಲುದ್ದ ಎಲೆಯಲ್ಲಿ ಕಾಲೆಳೆಯುತ್ತ ತರಗತಿಗಳಿಗೆ ಹೋಗುತ್ತಿದ್ದರು. ಆ ಸದ್ದು ದೂರದಲ್ಲಿ ಮಳೆ ಬಂದಂತೆ ಕೇಳಿಸುತ್ತಿತ್ತು.

'ಇದೆಂಥ ಬೆಂಕಿ' ಎಂದು ಬಾದಶಹನೊಬ್ಬ ಪಾರಸಿಯಲ್ಲಿ ಉದ್ಗರಿಸಿದ್ದರಿಂದ ಮರಕ್ಕೆ ಚಿನಾರ್ ಎಂಬ ಹೆಸರು ಬಂದಿತೆಂದು ಪ್ರವಾಸಿಗರಿಗೆ ಕಥೆ ಹೇಳುವುದುಂಟು. ಪಾರಸಿಯಲ್ಲಿ ಆ ಶಬ್ದ ಮೊಗಲರಿಗಿಂತ ಎಷ್ಟೋ ಹಳೆಯದು. ಆದ್ದರಿಂದ ಕಥೆಯನ್ನು ಕಥೆಯಾಗಿಯೇ ಸವಿಯಬೇಕು. ಕಾಶ್ಮೀರಿಗಳು ತಮ್ಮ ಮಾತಿನಲ್ಲಿ ಇದನ್ನು ಬೂನಿ ಎನ್ನುತ್ತಾರೆ. ಅದು ಭವಾನಿ ಎಂಬುದರಿಂದ ಬಂದಿತೆಂದು ಅಲ್ಲಿಯ ಪಂಡಿತರ ನಂಬಿಕೆ. ತಮ್ಮ ಹಿತ್ತಿಲಿನಲ್ಲಿದ್ದರೂ ಅಪ್ಪಣೆಯಿಲ್ಲದೆ ಇದನ್ನು ಕಡಿಯುವಂತಿಲ್ಲವೆಂಬ ಕಾನೂನು 1969ರಿಂದ ಇದೆ. 2025ರಲ್ಲಿ ಅರಣ್ಯ ಇಲಾಖೆಯವರು ಸುಮಾರು 28,000 ಮರಗಳನ್ನು ಎಣಿಸಿ, ಒಂದೊಂದಕ್ಕೂ ಆಧಾರ್ ಚೀಟಿಯಂತೆ ಗುರುತಿನ ಸಂಖ್ಯೆಯ ಫಲಕ ಹಾಕುವ ಕೆಲಸ ಕೈಗೊಂಡರೆಂದು ಓದಿ ನಮಗೆ ಸಂತೋಷವೂ ಆಯಿತು, ನಗೆಯೂ ಬಂದಿತು.

ಬೆಳಗಿನ ಏಳೂವರೆಯ ಸುಮಾರಿಗೆ ಸರೋವರದಾಚೆಯ ಜಬರ್‌ವನ್ ಬೆಟ್ಟದ ಮೇಲಿನಿಂದ ಸೂರ್ಯ ಇಣುಕಿದನು. ನಾವು ಅಭ್ಯಾಸಬಲದಿಂದ ಬೆಳಕು ಪಕ್ಕಕ್ಕೆ ಬರುವಂತೆ ನಿಂತು ಹತ್ತು ಚಿತ್ರ ತೆಗೆದೆವು. ತೊಗಟೆಯ ಗಂಟುಗಳು ಶಾಸನದಕ್ಷರಗಳಂತೆ ಎದ್ದು ಬಂದವು. ಎಲೆಗಳು ಮಾತ್ರ ಬಣ್ಣದ ಕಾಗದದ ಚೂರುಗಳಂತೆ ಸಪ್ಪಗೆ ಕಂಡವು. ಆಮೇಲೆ, ಮಗಳು ಕರೆದಳೆಂದು ಸರೋವರದ ಕಡೆಗೆ ತಿರುಗಿದಾಗ, ಬೆಳಕು ಎಲೆಗಳ ಹಿಂದಿನಿಂದ ಹಾಯ್ದು ನಮ್ಮ ಕಡೆಗೆ ಬರುತ್ತಿತ್ತು. ಒಂದೊಂದು ಎಲೆಯೂ ಒಳಗೆ ದೀಪವಿಟ್ಟ ಆಕಾಶಬುಟ್ಟಿಯಾಗಿತ್ತು. ಕಲ್ಲಿಗೆ ಪಕ್ಕದ ಬೆಳಕು, ಎಲೆಗೆ ಹಿಂದಿನ ಬೆಳಕು: ಇಷ್ಟನ್ನು ಕಲಿಯಲು ನಮಗೆ ನಲವತ್ತು ವರ್ಷ ಹಿಡಿಯಿತು. ಮೋಡ ಮುಸುಕಿದ ದಿನವೂ ಎಲೆಯ ಚಿತ್ರಕ್ಕೆ ಕೆಟ್ಟದ್ದಲ್ಲ. ಎಲೆಯ ಮೇಲ್ಮೈಯ ಹೊಳಪು ಅಡಗಿ ಬಣ್ಣ ಗಾಢವಾಗುತ್ತದೆ. ಮಳೆ ನಿಂತ ಮೇಲಂತೂ ಇನ್ನೂ ಚೆನ್ನ.

ಎಲೆ ಬಣ್ಣ ತಿರುಗುವುದರ ಕಾರಣವನ್ನು ಓದುಗರು ಶಾಲೆಯ ಪುಸ್ತಕಗಳಲ್ಲಿ ಓದಿಯೇ ಇದ್ದಾರೆ. ಆದರೂ ಮರದ ಕೆಳಗೆ ನಿಂತು ನೆನೆಯುವಾಗ ಅದರ ರುಚಿಯೇ ಬೇರೆ. ಹಗಲು ಚಿಕ್ಕದಾಗಿ ರಾತ್ರಿ ತಂಪಾಗತೊಡಗಿದಂತೆ ಮರವು ಎಲೆಯಲ್ಲಿಯ ಪತ್ರಹರಿತ್ತನ್ನು ಒಡೆದು, ಅದರಲ್ಲಿಯ ಸಾರವನ್ನು ಕೊಂಬೆಗೆ ಹಿಂದೆಗೆದುಕೊಳ್ಳುತ್ತದೆ. ಹಸಿರು ಸರಿದಾಗ ಕಾಣುವ ಹಳದಿ ಹೊಸದಲ್ಲ. ಎಲೆ ಚಿಗುರಿದಂದಿನಿಂದಲೂ ಅದು ಹಸಿರಿನ ಮರೆಯಲ್ಲಿ ಇದ್ದೇ ಇತ್ತು. ಆದರೆ ಕೆಂಪಿನ ಕಥೆ ಬೇರೆ. ಆಂಥೊಸಯನಿನ್ ಎಂಬ ಆ ಕೆಂಪನ್ನು ಹಲವು ಮರಗಳು ಎಲೆಯ ಕೊನೆಯ ದಿನಗಳಲ್ಲಿ, ಉಳಿದ ಸಕ್ಕರೆಯಿಂದ ಹೊಸದಾಗಿಯೇ ತಯಾರಿಸುತ್ತವೆ. ನಮ್ಮ ಮಾವಿನ ಎಳೆ ಚಿಗುರು ತಾಮ್ರವರ್ಣಕ್ಕಿರುವುದೂ ಇದೇ ಜಾತಿಯ ಬಣ್ಣದಿಂದ. ಹುಟ್ಟುವ ಎಲೆಗೂ ಹೋಗುವ ಎಲೆಗೂ ಒಂದೇ ಅರಿವೆ.

ಇನ್ನೊಂದನ್ನು ಮಗಳು ತೋರಿಸಿದಳು. ಉದುರಿದ ಚಿನಾರ್ ಎಲೆಯ ತೊಟ್ಟಿನ ತುದಿ ಪೊಳ್ಳು, ಪುಟ್ಟ ಕುಲಾವಿಯ ಹಾಗೆ. ಬೇರೆ ಮರಗಳಲ್ಲಿ ಮುಂದಿನ ವರ್ಷದ ಮೊಗ್ಗು ತೊಟ್ಟಿನ ಪಕ್ಕದಲ್ಲಿ ಕಾಣುವಂತೆ ಕುಳಿತಿರುತ್ತದೆ. ಈ ಮರದಲ್ಲಿ ಅದು ತೊಟ್ಟಿನ ಬುಡದೊಳಗೇ ಅಡಗಿ ಬೆಳೆಯುತ್ತದೆ. ಎಲೆ ಬಿದ್ದಾಗ ಕುಲಾವಿ ಕಳಚಿದಂತಾಗಿ ಮೊಗ್ಗು ಹೊರಬರುತ್ತದೆ. ನಾವು ಬಗ್ಗಿದ ಕೊಂಬೆಯೊಂದನ್ನು ಹಿಡಿದು, ಬೀಳಲಿದ್ದ ಎಲೆಯೊಂದನ್ನು ಮೆಲ್ಲನೆ ಬಿಡಿಸಿ ನೋಡಿದೆವು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಮೊಗ್ಗು, ಗಟ್ಟಿಯಾಗಿ, ಮೊನಚಾಗಿ ಅಲ್ಲಿ ಕುಳಿತಿತ್ತು.

ಮರುದಿನ ಸಂಜೆ ನಿಶಾತ್ ಬಾಗ್. ನೂರ್‌ಜಹಾನಳ ಸೋದರ ಆಸಫ್‌ಖಾನನು 1630ರ ದಶಕದಲ್ಲಿ ಮಾಡಿಸಿದ ಈ ತೋಟ ಬೆಟ್ಟದ ಮಗ್ಗುಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಸರೋವರಕ್ಕೆ ಇಳಿಯುತ್ತದೆ. ಬೆನ್ನಿಗೆ ಪೂರ್ವದ ಬೆಟ್ಟವಿರುವುದರಿಂದ ಬೆಳಗಿನ ಬಿಸಿಲು ಇಲ್ಲಿಗೆ ತಡವಾಗಿ ಬರುತ್ತದೆ. ಛಾಯಾಚಿತ್ರಕ್ಕೆ ಬರುವವರು ಬೆಳಿಗ್ಗೆ ನಸೀಂ ಬಾಗ್, ಸಂಜೆ ನಿಶಾತ್ ಎಂದು ನೆನಪಿಟ್ಟುಕೊಂಡರೆ ಸಾಕು. ಪಡುವಣದಲ್ಲಿ ಸರೋವರದಾಚೆ ಪೀರ್ ಪಂಜಾಲ್ ಶ್ರೇಣಿಯ ಮೇಲೆ ಹೊಸ ಹಿಮ ಬಿದ್ದಿತ್ತು.

ಇಲ್ಲಿಯೇ ನಮಗೆ ಮೊದಲ ತೊಡಕು ಬಂದಿತು. ಕ್ಯಾಮೆರಾದಲ್ಲಿ ವೈಟ್ ಬ್ಯಾಲೆನ್ಸ್ ಎಂಬ ಏರ್ಪಾಡಿದೆ. ಬಿಳಿಯದು ಬಿಳಿಯಾಗಿ ಬರಲೆಂದು ಯಂತ್ರವು ಬೆಳಕಿನ ಬಣ್ಣವನ್ನು ತಾನೇ ಊಹಿಸಿ ತಿದ್ದುತ್ತದೆ. ಸುತ್ತಲೂ ಬಂಗಾರದೆಲೆಗಳಿದ್ದರೆ ಯಂತ್ರ ಮೋಸಹೋಗಿ, ಇದು ದೀಪದ ಬೆಳಕೆಂದು ತಿಳಿದು ಬಂಗಾರವನ್ನೇ ಕಳೆದುಬಿಡುತ್ತದೆ. ಅದಕ್ಕಾಗಿ ಬಲ್ಲವರು ಯಂತ್ರದ ಊಹೆಯನ್ನು ನಿಲ್ಲಿಸಿ ಬಿಸಿಲಿನ ಗುರುತಿಗೆ ತಿರುವಿ ಇಡುತ್ತಾರೆ. ನಾವು ಹಾಗೆ ಇಟ್ಟೆವು. ತೃಪ್ತಿಯಾಗಲಿಲ್ಲ, ನೆರಳಿನ ಗುರುತಿಗೆ ಇಟ್ಟೆವು. ಅದರಲ್ಲಿ ಎಲ್ಲವೂ ಇನ್ನಷ್ಟು ಹೊಂಬಣ್ಣಕ್ಕೆ ತಿರುಗುತ್ತದೆ. ಈಗ ಸರಿಯಾಯಿತೆಂದು ಸರೋವರವನ್ನೂ ಶಿಖರಗಳನ್ನೂ ಸೇರಿಸಿ ಇಪ್ಪತ್ತು ಮೂವತ್ತು ಚಿತ್ರಗಳನ್ನು ತೆಗೆದು ಮಗಳಿಗೆ ತೋರಿಸಿದೆವು.

"ಅಪ್ಪಾಜಿ, ಹಿಮಕ್ಕ ಅರಿಷಿಣ ಹಚ್ಚೀರಲ್ಲ!" ಎಂದಳು.

ನಮಗೆ ಅರಿಸಿನ ಕಾಣಿಸಲಿಲ್ಲ. ಸಂಜೆಯ ಬಿಸಿಲಿನಲ್ಲಿ ಹಿಮ ಹಾಗೆಯೇ ಇರುತ್ತದೆ ಎಂದೆವು. ಧರ್ಮಪತ್ನಿಯವರೂ ನೋಡಿ, "ಹಿಮಾ ಬೆಳ್ಳಗ ಐತ್ರಿ" ಎಂದರು. ಕಲಾವಿಮರ್ಶೆಯಲ್ಲಿ ಬಹುಮತಕ್ಕೆ ಬೆಲೆಯಿಲ್ಲವೆಂದು ನಾವು ಸುಮ್ಮನಾದೆವು.

ನಡುವಿನ ದಿನಗಳಲ್ಲಿ ನಗರದ ಗಲ್ಲಿಗಳಲ್ಲಿಯೂ ಸುತ್ತಿನ ಹಳ್ಳಿಗಳಲ್ಲಿಯೂ ಅಡ್ಡಾಡಿದೆವು. ಭತ್ತದ ಕೊಯ್ಲು ಮುಗಿದು ಹುಲ್ಲಿನ ಗುಡ್ಡೆಗಳು ಗದ್ದೆಯಲ್ಲಿ ನಿಂತಿದ್ದವು. ಪಾಪ್ಲರ್ ಮರಗಳ ಸಾಲು ಹಳದಿಯ ಗೋಡೆಯಂತಿತ್ತು. ಸೇಬಿನ ಪೆಟ್ಟಿಗೆ ಹೇರಿದ ಲಾರಿಗಳು ಜಮ್ಮುವಿನ ಹಾದಿ ಹಿಡಿದಿದ್ದವು. ಎಲ್ಲಕ್ಕಿಂತ ನಮ್ಮ ಮನಸ್ಸಿನಲ್ಲಿ ನಿಂತದ್ದು ಎಲೆ ಗುಡಿಸುವ ಹೆಣ್ಣುಮಕ್ಕಳು. ಬಿದ್ದ ಚಿನಾರ್ ಎಲೆಗಳನ್ನು ಗುಡ್ಡೆ ಹಾಕಿ ಸುಟ್ಟು, ಪೂರ್ತಿ ಬೂದಿಯಾಗುವ ಮೊದಲೇ ನೀರು ಚಿಮುಕಿಸಿ ಇದ್ದಿಲು ಮಾಡುತ್ತಾರೆ. ಚಳಿಗಾಲದಲ್ಲಿ ಆ ಇದ್ದಿಲಿನ ಕೆಂಡವನ್ನು ಮಣ್ಣಿನ ಕುಡಿಕೆಯಲ್ಲಿ ತುಂಬಿ, ಬೆತ್ತದ ಬುಟ್ಟಿಯಲ್ಲಿಟ್ಟು, ಫೆರನ್ ಎಂಬ ನಿಲುವಂಗಿಯೊಳಗೆ ಹಿಡಿದುಕೊಳ್ಳುತ್ತಾರೆ. ಅದೇ ಕಾಂಗ್ಡಿ. ಹೊಗೆಯಿಂದ ಕಣಿವೆ ಮಬ್ಬಾಗುತ್ತದೆಂದು ಎಲೆ ಸುಡುವುದಕ್ಕೆ ಆಕ್ಷೇಪಣೆಗಳೂ ಇವೆ. ಚಿತ್ರ ತೆಗೆಯುವವರಿಗಂತೂ ಆ ಹೊಗೆ ಶತ್ರು. ಆದರೆ ನಾವು ಬಣ್ಣವೆಂದು ನೋಡಲು ಬಂದದ್ದು ಆ ಮನೆಗಳಿಗೆ ಮಾಘದ ಉರುವಲು. ತಲೆಯ ಮೇಲೆ ಎಲೆಯ ದೊಡ್ಡ ಗಂಟನ್ನು ಹೊತ್ತು ನಡೆದಿದ್ದ ತಾಯಿಯೊಬ್ಬಳನ್ನು ಕಂಡು ನಮ್ಮ ಧರ್ಮಪತ್ನಿಯವರು ನಿಂತುಬಿಟ್ಟರು. "ಮಾರಯ್ಯನವರು ಹೊರೆ ಹೊರೂದನ್ನ ಇಲ್ಲೇ ಕಲ್ತಿರಬೇಕ್ರಿ" ಎಂದರು. ಅರಸನಾದವನು ಹೊರೆ ಹೊರುವುದನ್ನು ಎಲ್ಲಿ ಕಲಿತಾನು ಎಂದು ನಾವು ಪಂಡಿತರ ಧಾಟಿಯಲ್ಲಿ ಕೇಳಿದೆವು. ಅದಕ್ಕೆ ಅವರು, "ನೋಡಿ ಕಲ್ತಿರಬೇಕು" ಎಂದು ಮುಂದೆ ನಡೆದರು. ಆ ತಾಯಿಯ ಚಿತ್ರವನ್ನು ನಾವು ತೆಗೆಯಲಿಲ್ಲ. ಕೇಳಲು ಸಂಕೋಚವೆನಿಸಿತು, ಕೇಳದೆ ತೆಗೆಯುವುದು ಸಲ್ಲದು.

ಆರನೆಯ ದಿನ ಪಾಂಪೋರ್‌ಗೆ ಹೋದೆವು. ಶ್ರೀನಗರದಿಂದ ದಕ್ಷಿಣಕ್ಕೆ ಅರ್ಧ ಗಂಟೆಯ ದಾರಿ. ಪದ್ಮಪುರವೆಂಬುದು ಅದರ ಹಳೆಯ ಹೆಸರು. ಸಮೀಪದ ಖೊನ್‌ಮೋಹ್ ಎಂಬ ಊರು, ಹಿಂದಿನ ಖೋನಮುಖ, ಬಿಲ್ಹಣ ಕವಿಯ ಜನ್ಮಸ್ಥಳ. ಅಲ್ಲಿಂದ ಹೊರಟು ದೇಶವೆಲ್ಲ ಸುತ್ತಿ, ಹನ್ನೊಂದನೆಯ ಶತಮಾನದಲ್ಲಿ ನಮ್ಮ ಕಲ್ಯಾಣಕ್ಕೆ ಬಂದು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನವನ್ನು ಸೇರಿ 'ವಿಕ್ರಮಾಂಕದೇವಚರಿತ'ವನ್ನು ಬರೆದವನು ಆತ. ಆ ಕಾವ್ಯದ ಕೊನೆಯಲ್ಲಿ ತನ್ನೂರಿನ ಕುಂಕುಮಕೇಸರಿಯನ್ನೂ ದ್ರಾಕ್ಷಿಯನ್ನೂ ನೆನೆದಿದ್ದಾನೆ. ವಿದ್ಯಾರ್ಥಿಗಳಿಗೆ ಅದನ್ನು ಪಾಠ ಹೇಳುವಾಗ ಕೇಸರಿ ಎಂದರೆ ಪೊಟ್ಟಣದಲ್ಲಿ ಬರುವ ಕೆಂಪು ಎಳೆಯೆಂದಷ್ಟೇ ನಮಗೆ ಗೊತ್ತಿತ್ತು.

ಕರೇವಾ ಎಂಬ ಎತ್ತರದ ಬಯಲುಗಳಲ್ಲಿ ಕೇಸರಿ ಬೆಳೆಯುತ್ತದೆ. ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ, ಎಲ್ಲ ಮರಗಳೂ ಉದುರುವ ಹೊತ್ತಿಗೆ, ಈ ಗಡ್ಡೆ ಬರಿಯ ಮಣ್ಣಿನಿಂದ ನೇರವಾಗಿ ಹೂವನ್ನು ಎತ್ತುತ್ತದೆ. ಬೆಳಗಿನ ತಂಪಿನಲ್ಲಿಯೇ ಹೂ ಬಿಡಿಸಬೇಕು. ಒಂದು ಹೂವಿನಲ್ಲಿ ಮೂರೇ ಎಳೆ. ಒಂದು ಕಿಲೋ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂ ಬೇಕು. ಮನೆಮಂದಿಯೆಲ್ಲ, ಮಕ್ಕಳು ಮುದುಕರೆನ್ನದೆ, ಬುಟ್ಟಿ ಹಿಡಿದು ಬಾಗಿ ನಡೆಯುತ್ತಿದ್ದರು. ನಾವು ಕ್ಯಾಮೆರಾ ಎತ್ತಿ ಕಿಂಡಿಯಲ್ಲಿ ನೋಡಿದೆವು. ಮಣ್ಣು ಬಣ್ಣದ ಹೊಲದಲ್ಲಿ ಮಾಸಲು ಬೂದಿ ಬಣ್ಣದ ಚುಕ್ಕೆಗಳು ಕಂಡವು. ಕವಿ ಹೊಗಳಿದ್ದು ಇದನ್ನೇ ಎನಿಸಿ, ಕ್ಯಾಮೆರಾ ಇಳಿಸಿದೆವು.

ಆಗ ಧರ್ಮಪತ್ನಿಯವರು ಅಂಗೈಯಲ್ಲಿ ಹೂವೊಂದನ್ನು ಹಿಡಿದು ತಂದರು. ಹೂ ಬಿಡಿಸುತ್ತಿದ್ದ ಹುಡುಗಿ ಕೊಟ್ಟಿದ್ದಳಂತೆ. "ಎಂಥಾ ನೇರಳೆ ಬಣ್ಣಾ ನೋಡ್ರಿ!" ಎಂದರು. ನೇರಳೆಯೆಲ್ಲಿದೆ, ಬೂದಿಯಲ್ಲವೇ ಎಂದು ನಾವು ಕೇಳಿದೆವು. ಅವರು ಕ್ಷಣಕಾಲ ನಮ್ಮ ಮುಖವನ್ನೇ ನೋಡಿ, ತಾಯಿ ಮಗುವಿಗೆ ಹೇಳುವಂತೆ, "ಎಡಗಣ್ಣ ಮುಚ್ಚಿ ನೋಡ್ರಿ" ಎಂದರು. ಮುಚ್ಚಿ ನೋಡಿದೆವು. ಅಂಗೈಯಲ್ಲಿದ್ದುದು ಮಾಗಿದ ನೇರಳೆಹಣ್ಣಿನ ಬಣ್ಣದ ಹೂ. ಆರು ಎಸಳು, ನಡುವೆ ಕೆಂಡದಂಥ ಮೂರು ಎಳೆ. ತಲೆಯೆತ್ತಿದೆವು. ಹೊಲದ ತುಂಬ, ದೂರದ ಬೆಟ್ಟದ ಬುಡದವರೆಗೆ, ಅದೇ ಬಣ್ಣ. ಬಲಗಣ್ಣು ಮುಚ್ಚಿದೆವು, ಹೊಲ ಬೂದಿಯಾಯಿತು. ಹೀಗೆ ನಾಲ್ಕು ಸಲ ಮಾಡಿದೆವು. ಬದುವಿನ ಮೇಲೆ ನಿಂತಿದ್ದ ಹುಡುಗರು ಈ ಮುದುಕ ಯಾರಿಗೆ ಕಣ್ಣು ಹೊಡೆಯುತ್ತಿದ್ದಾನೆಂದು ನಕ್ಕಿರಬೇಕು.

ಆದರೂ ನಮ್ಮ ಸಂಶಯ ಪೂರ್ತಿ ಹೋಗಲಿಲ್ಲ. ಎರಡು ಕಣ್ಣು ಎರಡು ಸಾಕ್ಷಿ ಹೇಳಿದರೆ ಯಾವುದನ್ನು ನಂಬುವುದು? ಕೃತಕ ಮಸೂರವೇ ನೇರಳೆಯನ್ನು ಬಳಿದಿರಬಾರದೇಕೆ? ಪಾಠಾಂತರಗಳು ಬಂದಾಗ ಮೂರನೆಯ ಪ್ರತಿಯೊಂದನ್ನು ಹುಡುಕುವುದು ನಮ್ಮ ವೃತ್ತಿಯ ಕ್ರಮ. ಮರುದಿನ ಬೆಳಿಗ್ಗೆ ದೋಣಿಮನೆಯ ಕಿಟಕಿಯ ಬಳಿ ಪೂಜೆಗೆ ಕುಳಿತಾಗ ಅದು ಕೈಗೇ ಸಿಕ್ಕಿತು. ವಿಭೂತಿಯ ಗಟ್ಟಿ. ಎಂಟನೆಯ ವಯಸ್ಸಿನಿಂದ ದಿನವೂ ಹಿಡಿದ ವಸ್ತು. ಅದರ ಬಣ್ಣವೇನೆಂದು ನಮಗೆ ಯಾರೂ ಹೇಳಬೇಕಾಗಿರಲಿಲ್ಲ. ಪೂಜೆ ಮುಗಿದ ಮೇಲೆ ಅದನ್ನು ಬೆಳಕಿಗೆ ಹಿಡಿದು ಬಲಗಣ್ಣಿನಿಂದ ನೋಡಿದೆವು, ಬೆಳ್ಳಗಿತ್ತು. ಎಡಗಣ್ಣಿನಿಂದ ನೋಡಿದೆವು. ಹಳೆಯ ತಾಡವೋಲೆಯ ಬಣ್ಣ! ಎಷ್ಟು ವರ್ಷಗಳಿಂದ ನಾವು ಇದನ್ನೇ ಬಿಳಿಯೆಂದು ಧರಿಸಿದ್ದೆವೋ. ಪೊರೆ ಬಂದ ಕಣ್ಣಿನ ಸಹಜ ಮಸೂರ ಹಳದಿಗಟ್ಟಿ, ನೀಲಿ ನೇರಳೆಗಳ ಬೆಳಕನ್ನು ತಡೆದುಬಿಡುತ್ತದೆ. ಅದು ನಿಧಾನವಾಗಿ, ವರ್ಷಗಟ್ಟಲೆ ಆಗುವುದರಿಂದ ತಿಳಿಯುವುದಿಲ್ಲ. ವೈದ್ಯರು ಜುಲೈನಲ್ಲಿ ಹೇಳಿದ್ದ ಈ ಮ ಾತು ನಮಗೆ ನವೆಂಬರಿನಲ್ಲಿ ಅರ್ಥವಾಯಿತು. ನಮ್ಮ ಎಡಗಣ್ಣಿನಲ್ಲಿ ವರ್ಷವಿಡೀ ಹರುದ್ ನಡೆದಿತ್ತು.

ಉಳಿದ ಒಂದು ದಿನವನ್ನು ನಸೀಂ ಬಾಗ್‌ನಲ್ಲಿಯೇ ಕಳೆದೆವು, ಬಲಗಣ್ಣನ್ನು ಕಿಂಡಿಗಿಟ್ಟು. ಮೂಗು ಅಡ್ಡ ಬರುತ್ತಿತ್ತು, ಕೈ ತಡವರಿಸುತ್ತಿತ್ತು. ಆದರೆ ಕೊಂಬೆಗಳ ನಡುವೆ ಆಕಾಶವಿತ್ತು. ಮೊದಲ ದಿನ ಆ ಆಕಾಶದ ನೀಲಿಯನ್ನು ನಾವು ನೋಡಿಯೇ ಇರಲಿಲ್ಲ. ಚಿನಾರಿನ ಕೆಂಪು ಕೆಂಪಾಗುವುದು ಆ ನೀಲಿಯ ಎದುರಿಗೆ.

ಪ್ರವಾಸದ ಮಾತು ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ದೆಹಲಿಗೆ ಮರಳುವ ವಿಮಾನದಲ್ಲಿ ನಮಗೆ ನಿದ್ದೆ ಬರಲಿಲ್ಲ. 2017ರಲ್ಲಿ ನಮ್ಮ ಸೀಮೆಯ ಮಠವೊಂದರ ಸ್ಮರಣ ಸಂಪುಟಕ್ಕೆ ನಾವು ಸಂಪಾದಕರಾಗಿದ್ದೆವು. ಆ ಮಠದ ಹಳೆಯ ಮಂಟಪದ ಮರದ ಮಾಳಿಗೆಯ ಮೇಲೆ ಶರಣರ ಚರಿತ್ರೆಯ ಚಿತ್ರಗಳಿವೆ. ಊರಿನ ತರುಣ ಛಾಯಾಚಿತ್ರಕಾರರೊಬ್ಬರು ಮೂರು ದಿನ ಏಣಿಯ ಮೇಲೆ ನಿಂತು, ಅವನ್ನೆಲ್ಲ ಬಣ್ಣದಲ್ಲಿ ತೆಗೆದು, ಅಚ್ಚು ಹಾಕಿಸಿ ತಂದರು. ಹಿನ್ನೆಲೆಯೆಲ್ಲ ನೀಲಿ, ನವಿಲಿನ ಕೊರಳೂ ನೀಲಿ. ನಾವು ಅವರ ಎದುರಿನಲ್ಲಿಯೇ ಮಂಟಪಕ್ಕೆ ಹೋಗಿ, ತಲೆಯೆತ್ತಿ ನೋಡಿ, ಇದು ನಿಮ್ಮ ಯಂತ್ರದ ನೀಲಿ, ಚಿತ್ರದ ನೀಲಿಯಲ್ಲ, ಹಳೆಯ ವರ್ಣಗಳು ಹೀಗೆ ಕಿರಿಚುವುದಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದೆವು. "ಸರ್, ಇನ್ನೊಮ್ಮೆ ನೋಡ್ರಿ" ಎಂದರು ಆ ತರುಣರು. ನಾವು ಇನ್ನೊಮ್ಮೆ ನೋಡಿದೆವು, ಅದೇ ಕಣ್ಣುಗಳಿಂದ. ಮುದ್ರಣಾಲಯದಲ್ಲಿ ನಾವೇ ಕುಳಿತು ನೀಲಿಯನ್ನು ತಗ್ಗಿಸಿ, ಬೂದಿ ಹಸಿರಿಗೆ ತಂದು ಅಚ್ಚು ಹಾಕಿಸಿದೆವು. ಅವರು ಹಣವನ್ನು ತೆಗೆದುಕೊಂಡರು. ಇಂಥ ಚಿತ್ರಗಳ ಕೆಳಗೆ ತಮ್ಮ ಹೆಸರು ಬೇಡವೆಂದರು. ಅದನ್ನು ನಾವು ತಾರುಣ್ಯದ ಸೊಕ್ಕೆಂದು ಭಾವಿಸಿದೆವು.

2024ರ ಜನವರಿಯಲ್ಲಿ ನಮ್ಮ ಎಡಗಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಫೆಬ್ರವರಿಯಲ್ಲಿ ಆ ಮಠಕ್ಕೆ ಹೋಗಿ ಮಂಟಪದ ಕೆಳಗೆ ನಿಂತೆವು. ನವಿಲಿನ ಕೊರಳು ನೀಲಿಯಾಗಿದೆ. ಮಾಳಿಗೆಯ ತುಂಬ ನೀಲಿಯಿದೆ. ಯಾವ ಯಂತ್ರವೂ ಅದನ್ನು ಹೆಚ್ಚಿಸಬೇಕಾಗಿರಲಿಲ್ಲ.

ಅಲ್ಲಿಂದ ನೇರವಾಗಿ ಆ ಛಾಯಾಚಿತ್ರಕಾರರ ಅಂಗಡಿಗೆ ಹೋದೆವು. ಈಗ ಅವರು ಮದುವೆ, ಸೀಮಂತಗಳ ಚಿತ್ರಗಳಲ್ಲಿ ತೊಡಗಿದ್ದಾರೆ. ನಮ್ಮನ್ನು ಕಂಡು ಎದ್ದು ನಿಂತು ಕುರ್ಚಿ ಕೊಟ್ಟರು. ಹೇಳಬೇಕಾದುದನ್ನು ನಾವು ಹೇಳಿದೆವು. ಬಹಳ ಹೊತ್ತು ಅವರು ಮಾತಾಡಲಿಲ್ಲ. ಅಷ್ಟರಲ್ಲಿ ಚಹಾ ಬಂದಿತು. ಆಮೇಲೆ ಕಾಶ್ಮೀರದ ಚಿತ್ರಗಳನ್ನು ಅಚ್ಚು ಹಾಕಿಸಲು ಕೊಟ್ಟಾಗ ಒಂದೊಂದನ್ನೇ ಪರದೆಯ ಮೇಲೆ ನೋಡಿ, ನಿಶಾತ್ ಬಾಗ್‌ನ ಚಿತ್ರ ಬಂದ ಕೂಡಲೇ ನಿಲ್ಲಿಸಿ, "ಸರ್, ಈ ಹಿಮಾ ಬೆಳ್ಳಗ ಮಾಡ್ಲೇನ್ರಿ?" ಎಂದು ಕೇಳಿದರು. ಮಾಡಿರೆಂದೆವು.

2017ರ ಮೂಲ ಚಿತ್ರಗಳನ್ನು ಅವರು ಕಳೆದಿರಲಿಲ್ಲ. ಅವುಗಳನ್ನು ಇದ್ದ ಬಣ್ಣದಲ್ಲಿಯೇ ಪ್ರತ್ಯೇಕ ಹಾಳೆಗಳಲ್ಲಿ ಅಚ್ಚು ಹಾಕಿಸಿದ್ದೇವೆ. ಆ ಸ್ಮರಣ ಸಂಪುಟ ಈ ಪತ್ರಿಕೆಯ ಓದುಗರ ಎಷ್ಟೋ ಮನೆಗಳಲ್ಲಿ ಇರುವುದು ನಮಗೆ ಗೊತ್ತು. ಅಂಥವರು ಸಂಪಾದಕರ ಮೂಲಕ ನಮಗೊಂದು ಕಾರ್ಡು ಬರೆದರೆ ಹಾಳೆಗಳನ್ನು ಅಂಚೆಯಲ್ಲಿ ಕಳುಹಿಸಿಕೊಡುತ್ತೇವೆ. ಹಳೆಯ ಚಿತ್ರಗಳ ಜಾಗದಲ್ಲಿ ಅಂಟಿಸಿಕೊಳ್ಳಬೇಕೆಂದು ಪ್ರಾರ್ಥನೆ. ಪ್ರತಿ ಹಾಳೆಯ ಕೆಳಗೂ ಈ ಸಲ ಛಾಯಾಚಿತ್ರಕಾರರ ಹೆಸರಿದೆ.